ಮೃಗಶಿರದಿಂದ ಯುಗಾದಿಯವರೆಗೆ: ಚಿಕ್ಕ ಮಕ್ಕಳ ವಿಜ್ಞಾನಕ್ಕೊಂದು ವರ್ಷದ ಯೋಜನೆ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು 'ಗಿಡದ ಭಾಗಗಳು' ಪಾಠ ಮಾಡಿದ್ದು ಫೆಬ್ರುವರಿ ಕೊನೆಯ ವಾರದಲ್ಲಿ. ಪುಸ್ತಕದ ಸರದಿ ಹಾಗಿತ್ತು. ಕೊಪ್ಪಳ ಸುತ್ತಲಿನ ಮಳೆಯಾಶ್ರಿತ ಊರುಗಳನ್ನು ಬಲ್ಲವರಿಗೆ ಗೊತ್ತು, ಆ ಹೊತ್ತಿಗೆ ಹೊಲದಲ್ಲಿ ಜೋಳದ ಕೂಳೆ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. "ಬೇರು ಸಮೇತ ಒಂದು ಗಿಡ ತನ್ನಿ" ಎಂದರೆ ಮಕ್ಕಳು ಒಣಗಿದ ಕೂಳೆಯನ್ನೇ ಕಿತ್ತು ತಂದರು. ಕೊನೆಗೆ ಚಾರ್ಟಿನಲ್ಲಿದ್ದ ದಾಸವಾಳವನ್ನು ನೋಡಿ ಚಿತ್ರ ಬರೆದರು. ಅದೇ ವರ್ಷ ಜುಲೈಯಲ್ಲಿ ಶಾಲೆಯ ಗೋಡೆಯ ಬುಡದಲ್ಲೇ ಹತ್ತಾರು ಬಗೆಯ ಸಸಿಗಳು ಹುಟ್ಟಿದ್ದವು. ಆಗ ನಾನು ಮೋಡ ಕವಿದ ಆಕಾಶದ ಕೆಳಗೆ ನಿಂತು ಸೂರ್ಯ, ಚಂದ್ರ, ನಕ್ಷತ್ರಗಳ ಪಾಠ ಹೇಳುತ್ತಿದ್ದೆ.

ಪಾಠಗಳ ಪಟ್ಟಿ ಸರಿಯಾಗಿಯೇ ಇತ್ತು, ಅವುಗಳ ದಿನ ಮಾತ್ರ ತಪ್ಪಿತ್ತು. ಆಮೇಲಿನ ವರ್ಷಗಳಲ್ಲಿ ನಾನು ಹಿಡಿದ ದಾರಿ ಇಷ್ಟೇ: ಯಾವ ವಸ್ತು ಯಾವಾಗ ಶಾಲೆಯ ಬಾಗಿಲಿಗೆ ಬರುತ್ತದೆಯೋ ಆಗ ಅದರ ಪಾಠ. ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಪದ್ಧತಿಯ ಚಟುವಟಿಕೆ ತರಗತಿಯಲ್ಲಿ ಒಟ್ಟಿಗೆ ಕೂರುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ 'ವಿಜ್ಞಾನ' ಎಂಬ ಬೇರೆ ವಿಷಯವಿಲ್ಲ, ಎಲ್ಲವೂ ಪರಿಸರ ಅಧ್ಯಯನದೊಳಗೇ ಇದೆ. ನಾಲ್ಕು, ಐದನೇ ತರಗತಿಯವರೂ ಅಲ್ಪಸ್ವಲ್ಪ ಬದಲಿಸಿಕೊಂಡು ಬಳಸಬಹುದು.

ಮೊದಲು ವಾರಗಳನ್ನು ಎಣಿಸಿ

ಜೂನ್‌ನಿಂದ ಏಪ್ರಿಲ್ ಎರಡನೇ ವಾರದವರೆಗೆ ಎಂದರೆ ಹತ್ತು ತಿಂಗಳು ಎನ್ನಿಸುತ್ತದೆ. ದಸರಾ ರಜೆ, ಹಬ್ಬಗಳು, ಪರೀಕ್ಷೆಗಳು, ತರಬೇತಿ, ಗಣತಿ, ಊರ ಜಾತ್ರೆಯ ದಿನ ಅರ್ಧಕ್ಕರ್ಧ ಮಕ್ಕಳು ಬಾರದಿರುವುದು, ಇಷ್ಟನ್ನೂ ಕಳೆಯಿರಿ. ನನ್ನ ಲೆಕ್ಕಕ್ಕೆ ಉಳಿಯುವುದು ಇಪ್ಪತ್ತೆಂಟು ವಾರ. ವಾರಕ್ಕೆ ಎರಡು ಅವಧಿ ಎಂದರೆ ಐವತ್ತಾರು. ಅದರಲ್ಲಿಯೂ ಆರು ಅವಧಿಗಳನ್ನು ಖಾಲಿ ಬಿಡಿ. ಅಂಗಳದಲ್ಲಿ ಓತಿಕ್ಯಾತ ಮೊಟ್ಟೆಯಿಡಲು ಗುಂಡಿ ತೋಡುತ್ತಿದ್ದರೆ ಅಂದಿನ ಪಾಠ ಅದೇ ಆಗಬೇಕು. ಅದಕ್ಕೆ ಯೋಜನೆಯಲ್ಲಿ ಜಾಗವಿಲ್ಲದಿದ್ದರೆ ನಾವೇ "ಒಳಗೆ ನಡೆಯಿರಿ" ಎಂದು ಗದರಿ ಕಳಿಸುತ್ತೇವೆ.

ಊರಿನ ವರ್ಷವನ್ನು ಒಂದು ಹಾಳೆಗೆ ಇಳಿಸಿ

ದೊಡ್ಡ ಹಾಳೆಯ ಮೇಲೆ ಗಡಿಯಾರದಂತೆ ಒಂದು ವೃತ್ತ ಬರೆದು ಹನ್ನೆರಡು ಭಾಗ ಮಾಡಿ. ಹೊರಸುತ್ತಿನಲ್ಲಿ ತಿಂಗಳುಗಳು. ಅದರ ಒಳಗೆ ಮಳೆ ನಕ್ಷತ್ರಗಳು: ಜೂನ್ 7-8ಕ್ಕೆ ಮೃಗಶಿರ, 21-22ಕ್ಕೆ ಆರಿದ್ರಾ, ಹೀಗೆ ಹದಿಮೂರು-ಹದಿನಾಲ್ಕು ದಿನಕ್ಕೊಂದು. ಇನ್ನೂ ಒಳಗೆ ಊರಿನ ಬೆಳೆ ಮತ್ತು ಹಬ್ಬ. ಇದನ್ನು ನೀವೊಬ್ಬರೇ ತುಂಬಬೇಡಿ. ಮೊದಲ ವಾರದಲ್ಲಿ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಶಾಲೆಗೆ ಕರೆಯಿರಿ. ಯಾವ ಮಳೆಗೆ ಯಾವ ಬಿತ್ತನೆ, ಯಾವಾಗ ಯಾವ ಹಕ್ಕಿ ಹೊಲಕ್ಕೆ ಇಳಿಯುತ್ತದೆ ಎಂದು ಅವರು ಹೇಳುವುದನ್ನೆಲ್ಲ ಬರೆದುಕೊಳ್ಳಿ.

ಒಂದೇ ಜಿಲ್ಲೆಯಲ್ಲಿಯೂ ಈ ವೃತ್ತ ಬೇರೆ ಬೇರೆಯಾಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಸಜ್ಜೆ, ತೊಗರಿ, ಹಿಂಗಾರಿ ಜೋಳ, ಕಡಲೆ. ಗಂಗಾವತಿಯಲ್ಲಿ, ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನದಿಂದ ವರ್ಷ ಶುರುವಾಗುತ್ತದೆ, ಭತ್ತವೇ ಪಂಚಾಂಗ. ಬೆಂಗಳೂರಿನಲ್ಲಿ ಅಚ್ಚಾದ ವಾರ್ಷಿಕ ಯೋಜನೆಗೆ ಇದು ತಿಳಿಯಬೇಕೆಂದು ನಿರೀಕ್ಷಿಸುವುದು ತಪ್ಪು. ತಿಳಿದಿರಬೇಕಾದವರು ನಾವು.

ಪ್ರತಿ ತಿಂಗಳಿಗೆ ಪಾಠವಲ್ಲ, ಒಂದು ಪ್ರಶ್ನೆ

'ಮಣ್ಣು' ಎಂದು ಬರೆದರೆ ನಾವು ಮಣ್ಣಿನ ವಿಧಗಳನ್ನು ಬೋರ್ಡಿನ ಮೇಲೆ ಬರೆದು ಮುಗಿಸುತ್ತೇವೆ. 'ಮಳೆ ನಿಂತ ಮೇಲೆ ಕೆಲವು ಕಡೆ ಕೆಸರು ಯಾಕೆ ಉಳಿಯುತ್ತದೆ?' ಎಂದು ಬರೆದರೆ ಹೊರಗೆ ಹೋಗಲೇಬೇಕು. ಒಂದು ಪ್ರಶ್ನೆಗೆ ಐದಾರು ಅವಧಿ ಕೊಡಿ. ಕೆಳಗಿರುವುದು ನನ್ನ ಪಟ್ಟಿ. ನಿಮ್ಮದು ಹೀಗೆಯೇ ಇರಬೇಕಾಗಿಲ್ಲ.

ಜೂನ್: ಎಷ್ಟು ಮಳೆ ಬಂತು?

ನುಣುಪು ಮೈಯ ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಬೇಕು. ಗೆರೆಗೆರೆಯಾಗಿರುವ ನೀರಿನ ಬಾಟಲಿ ಬೇಡ, ಅಳತೆ ಕೆಡುತ್ತದೆ. ಹೆಗಲು ಶುರುವಾಗುವಲ್ಲಿ ಕತ್ತರಿಸಿ, ಮುಚ್ಚಳ ತೆಗೆದ ಮೇಲ್ಭಾಗವನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಗೆ ಬೆಣಚುಕಲ್ಲು ಹಾಕಿ, ಮೈ ನೇರವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಬೇವಿನ ಮರದಿಂದ, ಮಾಳಿಗೆಯಿಂದ ದೂರ, ಬಯಲಲ್ಲಿ ಇಟ್ಟಿಗೆಗಳ ನಡುವೆ ಇಡಿ. ಹವಾಮಾನ ಇಲಾಖೆ ಬೆಳಗ್ಗೆ 8:30ಕ್ಕೆ ಮಳೆ ಅಳೆಯುತ್ತದೆ. ನಾವು ಪ್ರಾರ್ಥನೆ ಮುಗಿದ ಕೂಡಲೇ ಅಳೆಯೋಣ. ದಿನವೂ ಒಂದೇ ಹೊತ್ತು ಎನ್ನುವುದಷ್ಟೇ ಮುಖ್ಯ. ಅಳೆದ ಮೇಲೆ ಮತ್ತೆ ಸೊನ್ನೆಗೆ ತನ್ನಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಮೂರನೇ ತರಗತಿಯವರಿಗೆ ಅಂಗಳದಲ್ಲಿ ಚದರ ಮೀಟರ್ ಗೀಚಿ, ಒಂದು ಲೀಟರ್ ಸುರಿದು ತೋರಿಸಿ. "ಇಷ್ಟೇನಾ?" ಎನ್ನುತ್ತಾರೆ. ಹೌದು, ಇಷ್ಟೇ.

ಒಂದು ವರ್ಷ ಆರಿದ್ರಾ ಮಳೆ ಕೈಕೊಟ್ಟಿತ್ತು. ಹನ್ನೆರಡು ದಿನ ಮಳೆ ಬರೆದಿಡುವ ಹಾಳೆಯ ತುಂಬ ಸೊನ್ನೆ. ಹದಿಮೂರನೆಯ ಬೆಳಗ್ಗೆ ಬಾಟಲಿಯಲ್ಲಿ ನಲವತ್ತು ಮಿಲಿಮೀಟರ್! ಅಂಗಳದಲ್ಲಿ ಧೂಳು ಏಳುತ್ತಿತ್ತು. "ಬಾಟಲಿ ತುಂಬಿದೆ, ನೆಲ ಒಣಗಿದೆ. ಎರಡೂ ನಿಜವಾಗಲು ಸಾಧ್ಯವೇ?" ಎಂದು ಕೇಳಿದೆ. ಮಕ್ಕಳು ಓಡಿಹೋಗಿ ಛಾವಣಿಯ ನೀರು ಇಳಿಯುವ ಪನ್ನಾಳೆ ನೋಡಿದರು, ತುಳಸಿಕಟ್ಟೆ ಮುಟ್ಟಿದರು, ಎಕ್ಕೆಯ ಎಲೆ ತಿರುಗಿಸಿದರು. ಎಲ್ಲಿಯೂ ತೇವವಿಲ್ಲ. ಕೊನೆಗೆ ಎರಡನೇ ತರಗತಿಯ ಒಬ್ಬ ಹುಡುಗ ತಲೆ ತಗ್ಗಿಸಿಕೊಂಡು ಬಂದ. ಅವನ ಅಪ್ಪ ಸಜ್ಜೆ ಬಿತ್ತಿ ಮೋಡ ನೋಡುತ್ತ ಕೂತಿದ್ದರು. ಮಳೆ ಬಂದಿದೆ ಎಂದು ಶಾಲೆಯಲ್ಲಿ ಬರೆದರೆ ಬಂದೀತೇನೋ ಎಂದು ತಂಬಿಗೆ ನೀರು ಸುರಿದಿದ್ದ. ಬೈಯಲಿಲ್ಲ. ಹಾಳೆಯ ಅಂದಿನ ಚೌಕದಲ್ಲಿ ಅವನ ಕೈಯಿಂದಲೇ ಸೊನ್ನೆ ಬರೆಸಿದೆ. ಒಂದು ಅಳತೆಯನ್ನು ಇನ್ನೊಂದು ಗುರುತಿನೊಂದಿಗೆ ತಾಳೆ ನೋಡುವುದನ್ನು ಆ ತರಗತಿ ಕಲಿತದ್ದು ಅಂದೇ. ಆಮೇಲೆ ಪ್ರತಿ ಮಳೆಗೂ ಯಾರಾದರೊಬ್ಬರು ಪನ್ನಾಳೆ ನೋಡಿಬರುವುದು ರೂಢಿಯಾಯಿತು.

ಮೃಗಶಿರ ಮಳೆ ಬಿದ್ದ ಮರುದಿನ ಮಸಾರಿ (ಕೆಂಪು ಮಣ್ಣಿನ) ನೆಲದ ಮೇಲೆ ಮಖಮಲ್ಲಿನಂಥ ಕೆಂಪು ಹುಳಗಳು ಹರಿದಾಡುತ್ತವೆ. ಇವು ಕೆಲವೇ ದಿನ ಸಿಗುತ್ತವೆ, ಬೇರೆಲ್ಲವನ್ನೂ ಬಿಟ್ಟು ಹೊರಡಿ. ಬಿಳಿ ಹಾಳೆಯ ಮೇಲೆ ಬಿಟ್ಟು ಕಾಲು ಎಣಿಸಲು ಹೇಳಿ. "ಅಕ್ಕೋರೇ, ಎಂಟು!" ಎಂಬ ಕೂಗು ಬರುತ್ತದೆ. ಇರುವೆಯನ್ನು, ಜೀರುಂಡೆಯನ್ನು ಪಕ್ಕದಲ್ಲಿ ಇಟ್ಟರೆ ಆರೇ ಕಾಲು. ಹಾಗಾದರೆ ಈ ಕೆಂಪು ಹುಳದ ನೆಂಟರು ಯಾರು? ಗೋಡೆಯ ಮೂಲೆಯ ಜೇಡವನ್ನು ಹುಡುಕಿ ಎಣಿಸುವವರೆಗೆ ಉತ್ತರ ಹೇಳಬೇಡಿ.

ಮಣ್ಣೆತ್ತಿನ ಅಮಾವಾಸ್ಯೆಯ ವಾರ: ಈ ಎತ್ತು ಯಾಕೆ ಬಿರಿಯಿತು?

ಜೂನ್ ಕೊನೆಗೋ ಜುಲೈಗೋ ಬರುವ ಈ ಹಬ್ಬಕ್ಕಿಂತ ಒಳ್ಳೆಯ ಮಣ್ಣಿನ ಪಾಠ ನನಗೆ ಗೊತ್ತಿಲ್ಲ. ಮಕ್ಕಳು ಮನೆಯಲ್ಲಿ ಹೇಗೂ ಎತ್ತು ಮಾಡುತ್ತಾರೆ. ಶಾಲೆಯಲ್ಲಿ ಮೂರು ಮಣ್ಣಿನಲ್ಲಿ ಮಾಡಿಸಿ: ಎರೆ (ಕಪ್ಪು) ಮಣ್ಣು, ಮಸಾರಿ ಮಣ್ಣು, ಹಳ್ಳದ ಮರಳು. ಮರಳಿನ ಎತ್ತು ನಿಲ್ಲುವುದೇ ಇಲ್ಲ. ಮಸಾರಿಯದು ನಿಲ್ಲುತ್ತದೆ, ಆದರೆ ಕೋಡು ಎಳೆಯಹೋದರೆ ಮುರಿಯುತ್ತದೆ. ಎರೆಯದು ಬೆಣ್ಣೆಯಂತೆ ಬೇಕಾದ ಆಕಾರಕ್ಕೆ ಬರುತ್ತದೆ. ಎರಡು ದಿನ ಬಿಸಿಲಿಗಿಟ್ಟರೆ ಅದೇ ಎರೆಯ ಎತ್ತಿನ ಹೊಟ್ಟೆ ಬಿರಿಯುತ್ತದೆ. ಒದ್ದೆಯಾದಾಗ ಉಬ್ಬುವ, ಒಣಗಿದಾಗ ಕುಗ್ಗುವ ಮಣ್ಣು ಅದು. ಬೇಸಿಗೆಯಲ್ಲಿ ಎರೆ ಹೊಲ ಕಾಲು ಹೋಗುವಷ್ಟು ಬಾಯಿ ಬಿಡುವುದೂ ಇದಕ್ಕೇ. ಮಸಾರಿಗೆ ಸ್ವಲ್ಪ ಎರೆ ಬೆರೆಸಿದರೆ ಏನಾಗಬಹುದು ಎಂದು ಕೇಳಿ. ಒಬ್ಬರಾದರೂ ಮನೆಯಿಂದ ಹೊಟ್ಟು ತಂದು ಕಲಸುತ್ತಾರೆ. ಗೋಡೆ ಮೆತ್ತುವ ಅಜ್ಜಿಯನ್ನು ನೋಡಿದವರು ಅವರು.

ಮರುವಾರ ಮೂರು ಕತ್ತರಿಸಿದ ಬಾಟಲಿಗಳ ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗು ಮಾಡಿ, ಒಂದೇ ಅಳತೆಯ ಮೂರು ಒಣ ಮಣ್ಣು ತುಂಬಿ, ಒಂದೊಂದು ಲೋಟ ನೀರು ಹಾಕಿ. ಕೆಳಗೆ ಎಷ್ಟು ಇಳಿಯಿತು, ಯಾವುದು ಮೊದಲು ಇಳಿಯಿತು? ಗಡಿಯಾರ ಬೇಡ, ನೂರರವರೆಗೆ ಎಣಿಸಲಿ, ಗಣಿತವೂ ಆಯಿತು. ಹಿಂಗಾರಿ ಜೋಳ ಮಳೆಯಿಲ್ಲದೆ ಎರೆಯಲ್ಲಿ ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಯನ್ನು ಇಲ್ಲಿ ನೆಟ್ಟುಬಿಡಿ, ಎಳ್ಳಮಾವಾಸ್ಯೆಗೆ ಕೊಯ್ಯಬಹುದು.

ಆಗಸ್ಟ್: ನೆರಳು ಎಲ್ಲಿ ಹೋಯಿತು?

ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು, ಬಿಸಿಲಿದ್ದ ದಿನ ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲು ಇಡಿಸಿ. ಇದು ಎಲ್ಲ ಕಡೆ ಮಾಡುವ ಚಟುವಟಿಕೆ. ನಮ್ಮ ಭಾಗಕ್ಕೆ ಇನ್ನೂ ಒಂದು ಭಾಗ್ಯವಿದೆ: ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಮೇ ಮೊದಲ ವಾರದ್ದು ರಜೆಯಲ್ಲಿ ಹೋಗುತ್ತದೆ. ಇನ್ನೊಂದು ರಾಯಚೂರಿಗೆ ಆಗಸ್ಟ್ 7-8ರ ಸುಮಾರಿಗೆ, ಕೊಪ್ಪಳಕ್ಕೆ 10-11ರ ಸುಮಾರಿಗೆ, ಬಳ್ಳಾರಿಗೆ 11ರ ಆಸುಪಾಸಿನಲ್ಲಿ. ಹೊತ್ತು ಹನ್ನೆರಡಲ್ಲ, ಹನ್ನೆರಡೂವರೆಯ ಹತ್ತಿರ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದ 82.5 ಡಿಗ್ರಿ ರೇಖಾಂಶದ ಸೂರ್ಯನಿಗೆ. ಆ ನಿಮಿಷದಲ್ಲಿ ನೆಟ್ಟಗೆ ನಿಂತ ಕೋಲಿಗೆ, ಸ್ಟೀಲ್ ಲೋಟಕ್ಕೆ ನೆರಳೇ ಇರುವುದಿಲ್ಲ. ಮೋಡವಿದ್ದರೆ ನಿರಾಸೆಯೇ. ಹಾಗಾಗಿ ಆ ವಾರದ ಪ್ರತಿ ದಿನವೂ ಪ್ರಯತ್ನಿಸಿ, ಒಂದು ದಿನ ಆಚೀಚೆಯಾದರೂ ನೆರಳು ಕೂದಲೆಳೆಯಷ್ಟೇ ಇರುತ್ತದೆ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡಕೂಡದು, ನೆಲ ನೋಡಿದರೆ ಸಾಕು.

ನಾಗರ ಪಂಚಮಿಯ ಜೋಕಾಲಿಯ ಹಿಂದೆಯೇ ದಾರಕ್ಕೆ ಕಲ್ಲು ಕಟ್ಟಿ ತೂಗಿಸಿ. ಭಾರದ ಕಲ್ಲು ಬೇಗ ತೂಗುತ್ತದೆಯೇ, ಉದ್ದ ಹಗ್ಗವೇ? ತೂಕ ಬದಲಿಸಿದರೆ ಏನೂ ಆಗದು, ಹಗ್ಗ ಉದ್ದವಾದರೆ ನಿಧಾನ. ಒಂದು ಅವಧಿ ಸಾಕು.

ಸೆಪ್ಟೆಂಬರಿಗೆ ಎಕ್ಕೆಗಿಡ. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಕಂಬಳಿಹುಳ ಹುಡುಕಿ. ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳಿರುತ್ತವೆ, ಮುಟ್ಟಿದರೆ ತುರಿಸುವುದಿಲ್ಲ. ಅಗಲ ಬಾಯಿಯ ಡಬ್ಬಿಗೆ ಹಾಕಿ ಸೊಳ್ಳೆಪರದೆಯ ತುಂಡು ಕಟ್ಟಿ. ದಿನವೂ ಹೊಸ ಎಕ್ಕೆ ಎಲೆ ಕೊಡುವುದು, ಹಿಕ್ಕೆ ತೆಗೆಯುವುದು ಒಬ್ಬೊಬ್ಬರ ಪಾಳಿ. ಎಲೆಯನ್ನು ಮಾತ್ರ ನೀವೇ ಕೀಳಿ, ಎಕ್ಕೆಯ ಹಾಲು ಕಣ್ಣಿಗೆ ಅಪಾಯ. ಒಂದು ಬೆಳಗ್ಗೆ ಹುಳ ತಿನ್ನುವುದನ್ನು ಬಿಟ್ಟು ಪರದೆಯಿಂದ ತಲೆಕೆಳಗಾಗಿ ಜೋತು ಬೀಳುತ್ತದೆ. "ಸತ್ತಿತು" ಎಂದು ಅಳುವವರು ಇರುತ್ತಾರೆ. ಮರುದಿನ ಅಲ್ಲಿ ಬಂಗಾರದ ಚುಕ್ಕೆಯ ಹಸಿರು ಗೂಡು. ಸುಮಾರು ಹತ್ತು ದಿನಕ್ಕೆ ಗೂಡು ಕಪ್ಪಾಗುತ್ತದೆ, ಒಳಗಿನ ಚಿಟ್ಟೆಯ ಕಿತ್ತಳೆ ರೆಕ್ಕೆ ಕಾಣಿಸುತ್ತದೆ. ಅಂದು ಯಾವ ತರಗತಿಗೂ ಬೇರೆ ಪಾಠ ನಡೆಯುವುದಿಲ್ಲ, ಮುಖ್ಯೋಪಾಧ್ಯಾಯರೂ ಬಂದು ಕೂರುತ್ತಾರೆ. ಎರಡು ಮೂರು ಹುಳ ಸಾಕಿ. ಒಂದು ಸತ್ತರೂ ಒಂದು ಉಳಿಯಬೇಕು.

ಶೀಗಿ ಹುಣ್ಣಿಮೆಯಿಂದ ದೀಪಾವಳಿ ಅಮಾವಾಸ್ಯೆ

ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು ದಿನ, ಆಕಾಶ ತೊಳೆದಿಟ್ಟಂತೆ. ಚಂದ್ರನನ್ನು ರಾತ್ರಿ ನೋಡಿಬರಲು ಹೇಳಿದರೆ ಅರ್ಧ ಮಕ್ಕಳು ಮಲಗಿರುತ್ತಾರೆ. ಹುಣ್ಣಿಮೆ ಕಳೆದ ಮೂರು ನಾಲ್ಕು ದಿನಗಳ ಮೇಲೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿ. ಚಂದ್ರ ಅಲ್ಲೇ ಇರುತ್ತಾನೆ, ದಿನದಿನಕ್ಕೆ ಸವೆಯುತ್ತ. ಹಗಲು ಚಂದ್ರ ಕಾಣುತ್ತಾನೆ ಎಂಬುದೇ ಹಲವು ದೊಡ್ಡವರಿಗೂ ಹೊಸ ಸುದ್ದಿ. ರೊಟ್ಟಿಯಂತೆ ವೃತ್ತ ಬರೆದ ಹಾಳೆ ಕೊಡಿ, ಕಂಡಷ್ಟಕ್ಕೆ ಬಣ್ಣ ಹಚ್ಚಲಿ.

ನವೆಂಬರಿನಿಂದ ಎಳ್ಳಮಾವಾಸ್ಯೆ: ಬೀಜಕ್ಕೆ ಏನು ಬೇಕು?

ನಾಲ್ಕು ಲೋಟ, ಹೆಸರುಕಾಳು, ಒದ್ದೆ ಹತ್ತಿ. ಒಂದು ಬೆಳಕಿನಲ್ಲಿ, ಒಂದು ಪೆಟ್ಟಿಗೆಯ ಕತ್ತಲಲ್ಲಿ, ಒಂದಕ್ಕೆ ನೀರಿಲ್ಲ, ಒಂದನ್ನು ನೀರಿನಲ್ಲಿ ಮುಳುಗಿಸಿ. ಮೊದಲೇ ಏನಾಗಬಹುದೆಂದು ಕೈ ಎತ್ತಿಸಿ, ಎಣಿಸಿ ಬರೆದಿಡಿ. ಕತ್ತಲಲ್ಲಿಟ್ಟದ್ದು ಮೊಳೆಯುವುದಿಲ್ಲ ಎಂದೇ ಹೆಚ್ಚಿನವರು ಹೇಳುತ್ತಾರೆ. ಅದು ಮೊಳೆಯುತ್ತದೆ, ಬೆಳಕಿನದಕ್ಕಿಂತ ಉದ್ದವಾಗಿ, ಬಿಳಿಚಿಕೊಂಡು. ಮನೆಯಲ್ಲಿ ಅವ್ವ ಕಾಳು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದನ್ನು ಅವರೇ ನೆನಪಿಸಿಕೊಳ್ಳಲಿ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು (ಭೂಮಿತಾಯಿಗೆ ಎಡೆ ಅರ್ಪಿಸಲು) ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಅದರ ಹಿಂದಿನ ದಿನವೋ ಮರುದಿನವೋ ಒಬ್ಬ ಪಾಲಕರ ಹೊಲಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಔಷಧಿ ಸಿಂಪಡಿಸಿದ ಹೊಲವೋ ಎಂದು ಮೊದಲು ಕೇಳಿ. ಹತ್ತಿ, ಭತ್ತ, ಮೆಣಸಿನಕಾಯಿ ಹೊಲಗಳನ್ನು ನಾನು ಬಿಟ್ಟೇಬಿಡುತ್ತೇನೆ. ಜೋಳದ ಬುಡದಲ್ಲಿ ಒಂದು ಮೊಳ ಅಗೆದು ಮಣ್ಣು ಹಿಂಡಿಸಿ. ಮೇಲೆ ಧೂಳು, ಕೆಳಗೆ ಇನ್ನೂ ತಂಪು. ಜುಲೈಯ ಪ್ರಶ್ನೆಗೆ ಉತ್ತರ ಅವರ ಮುಷ್ಟಿಯಲ್ಲೇ ಇದೆ.

ಅಂದೇ ಸಂಜೆ ಆಕಾಶದ ಮನೆಗೆಲಸ: ಪೂರ್ವಕ್ಕೆ ಒಂದೇ ಸಾಲಿನ ಮೂರು ನಕ್ಷತ್ರ. ಅದರ ಎಡಕ್ಕೆ ಸ್ವಲ್ಪ ದೂರದಲ್ಲಿರುವ ಮೂರು ಮಂಕು ಚುಕ್ಕೆಗಳೇ ಮೃಗಶಿರ. ಜೂನ್‌ನಲ್ಲಿ ಅದರ ಹೆಸರಿನ ಮಳೆ ಬಂದಾಗ ಅದು ಕಾಣಲಿಲ್ಲವೇಕೆ? ಸೂರ್ಯ ಆಗ ಅದರ ಮುಂದೆಯೇ ನಿಂತಿದ್ದ. ಮೂರನೆಯವರಿಗೆ ಮಾತ್ರ ಹೇಳಿ, ಉಳಿದವರು ಮೂರು ಚುಕ್ಕೆ ಹುಡುಕಿದರೆ ಆಯಿತು.

ಜನವರಿ, ಫೆಬ್ರುವರಿ

ಹೊರಗೆ ಹಸಿರು ಕಡಿಮೆ, ಒಳಗಿನ ಕೆಲಸಕ್ಕೆ ಇದು ಕಾಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಿಂದ ಮಕ್ಕಳು ತರುವ ಪೀಪಿ, ಬಲೂನು, ತಿರುಗುವ ಆಟಿಕೆಗಳೇ ಸಲಕರಣೆ: ಯಾವುದಕ್ಕೆ ಗಾಳಿ ಬೇಕು, ಸದ್ದು ಎಲ್ಲಿಂದ ಬರುತ್ತದೆ. ರೇಡಿಯೋ ರಿಪೇರಿಯವರ ಬಳಿ ಹಳೆಯ ಸ್ಪೀಕರಿನ ಆಯಸ್ಕಾಂತ ಸಿಗುತ್ತದೆ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಹಳ್ಳದ ಮರಳಿನಲ್ಲಿ ಆಡಿಸಿದರೆ ಕಪ್ಪು ಕಣಗಳು ಮೆತ್ತಿಕೊಳ್ಳುತ್ತವೆ, ಚೀಲ ತಿರುಗಿಸಿದರೆ ಕಾಗದಕ್ಕೆ ಉದುರುತ್ತವೆ. ಬಿಸಿಯೂಟದ ಮೊಟ್ಟೆ ಬೇಯಿಸುವ ಮುನ್ನ ಸಾದಾ ನೀರಿನಲ್ಲಿ ಮುಳುಗುತ್ತದೆ, ಉಪ್ಪು ಕಲಸುತ್ತ ಹೋದರೆ ತೇಲುತ್ತದೆ.

ಮಾರ್ಚ್: ಮಡಕೆ ನೀರು ತಂಪೇಕೆ?

ಒಂದೇ ಗಾತ್ರದ ಮಡಕೆ ಮತ್ತು ಸ್ಟೀಲ್ ಕೊಡ, ಬೆಳಗ್ಗೆ ಒಂದೇ ಬೋರ್‌ವೆಲ್ ನೀರು, ಒಂದೇ ನೆರಳು. ಎರಡು ಗಂಟೆಗೆ ಕಣ್ಣು ಮುಚ್ಚಿ ಕೈ ಅದ್ದಲಿ. ಮಡಕೆಯ ಹೊರಮೈ ಒದ್ದೆಯಿರುವುದನ್ನು ತಾವೇ ಕಾಣುತ್ತಾರೆ. ಮುಂಗೈ ಮೇಲೆ ಒಂದು ಹನಿ ಹಚ್ಚಿ ಊದಲು ಹೇಳಿ, ತಣ್ಣಗಾಯಿತಲ್ಲವೇ? ಈಗ ಸ್ಟೀಲ್ ಕೊಡಕ್ಕೆ ಒದ್ದೆ ಗೋಣಿ ಸುತ್ತಿ ಮರುದಿನ ನೋಡಿ. ಇದೇ ವಾರ ಕುಡಿಯುವ ನೀರಿನ ಮಾತೂ ಬರುತ್ತದೆ. ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ತಿಳಿ ನೀರೆಲ್ಲ ಒಳ್ಳೆಯ ನೀರಲ್ಲ. ಇಷ್ಟು ಸಾಕು, ಚಿಕ್ಕವರನ್ನು ಹೆದರಿಸುವುದು ಬೇಡ.

ಮೂರು ತರಗತಿ, ಒಂದೇ ಚಟುವಟಿಕೆ

ಒಂದನೆಯವರು ಚಿತ್ರ ಬರೆಯುತ್ತಾರೆ, ಎರಡನೆಯವರು ಚಿತ್ರಕ್ಕೆ ಹೆಸರು ಬರೆದು ಒಂದು ವಾಕ್ಯ ಹೇಳುತ್ತಾರೆ, ಮೂರನೆಯವರು ಅಳೆದು ಬರೆಯುತ್ತಾರೆ. ಮೂವರಿಗೂ ಬೇರೆ ಬೇರೆ ಪ್ರಯೋಗ ಹೂಡಿದರೆ ನೀವು ಆಗಸ್ಟ್ ಹೊತ್ತಿಗೇ ಸುಸ್ತಾಗುತ್ತೀರಿ. ಸಿಆರ್‌ಪಿಯವರು (ಶಾಲೆಗಳನ್ನು ನೋಡಿಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ತೋರಿಸಲು, ವೃತ್ತದ ಪಕ್ಕ ಒಂದು ಪಟ್ಟಿ ಇರಲಿ: ಪ್ರಶ್ನೆ, ಪುಸ್ತಕದ ಪಾಠ, ಕಲಿಕಾ ಫಲ. ಪಾಠದ ಕ್ರಮ ಬದಲಾದರೂ ಯಾವುದೂ ಬಿಟ್ಟುಹೋಗಿಲ್ಲ ಎಂಬುದು ಒಂದೇ ನೋಟಕ್ಕೆ ಕಾಣಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಕೆಲಸವೂ ಆಟದಂತೆ ಕಾಣುತ್ತದೆ.

ಪರೀಕ್ಷೆಗೆ ನಾನು ಮಾಡುವುದು ಇಷ್ಟು: ಜೂನ್‌ನಲ್ಲಿ ಕೇಳಿದ ಮೂರು ಪ್ರಶ್ನೆಗಳನ್ನೇ ಮಾರ್ಚ್‌ನಲ್ಲಿ ಮತ್ತೆ ಕೇಳಿ, ಎರಡೂ ಚಿತ್ರಗಳನ್ನು ಒಂದೇ ಪಿನ್ನಿಗೆ ಚುಚ್ಚಿಡುತ್ತೇನೆ. ಗಿಡದ ಚಿತ್ರದಲ್ಲಿ ಬೇರು ಬಂದಿದೆಯೇ? ನೆರಳು ಸೂರ್ಯನ ಎದುರು ಬದಿಗಿದೆಯೇ?

ಕೆಲವು ಕಟ್ಟುನಿಟ್ಟುಗಳು. ಕಲ್ಲು ಮಗುಚುವುದು ಶಿಕ್ಷಕರು ಮಾತ್ರ, ಅದೂ ಕೋಲಿನಿಂದ, ಚೇಳು ಇರುತ್ತದೆ. ಕಾಲುವೆ ದಡಕ್ಕೆ ಯಾವ ನೆಪದಿಂದಲೂ ಒಯ್ಯಬೇಡಿ, ನೀರನ್ನು ಬಕೆಟ್ಟಿನಲ್ಲಿ ತರಿಸಿ. ಬೀಜ ಸಂಗ್ರಹದಲ್ಲಿ ಗುಲಗಂಜಿ, ಹರಳು, ಉಮ್ಮತ್ತಿ ಬೇಡ, ಮೂರೂ ವಿಷ. ನೋಡಿದ ಹುಳವನ್ನು ಎತ್ತಿದ ಜಾಗದಲ್ಲೇ ಬಿಡಬೇಕು.

ಏಪ್ರಿಲ್ ಮೊದಲ ವಾರದಲ್ಲಿ, ಬೇವು ಹೂ ಬಿಟ್ಟಿರುವಾಗ, ವೃತ್ತದ ಹಾಳೆಯನ್ನು ಗೋಡೆಯಿಂದ ಇಳಿಸಿ. ಮಳೆ ಹಾಳೆಯ ಒಟ್ಟು ಮೊತ್ತವನ್ನು ಮಕ್ಕಳಿಂದಲೇ ಕೂಡಿಸಿ, ಮುಂದಿನ ವರ್ಷದ ಖಾಲಿ ವೃತ್ತದ ಮೂಲೆಯಲ್ಲಿ ಬರೆಸಿ. ಬಾಟಲಿ ಬಿಸಿಲಿಗೆ ಸೀಳಿರುತ್ತದೆ. ಹೊಸದೊಂದನ್ನು ಈಗಲೇ ಕತ್ತರಿಸಿ ಬೀರುವಿನಲ್ಲಿಡಿ, ಶಾಲೆ ತೆರೆಯುವ ಮೊದಲೇ ರೋಹಿಣಿ ಮಳೆ ಬಂದರೂ ಬರಬಹುದು.